ಬಡಿಸುವವರ ಪಾತ್ರೆ

ನಾನಿರುವುದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರಿನಲ್ಲಿ. ಬೇಸಿಗೆ ಬಂತೆಂದರೆ ಇಲ್ಲಿ ಸಂಘಕ್ಕೊಂದು ಹಬ್ಬ. ಬ್ಯಾಂಡಿನವರದ್ದು, ಫುಟ್‌ಬಾಲಿನವರದ್ದು, ಬೆಂಕಿ ಆರಿಸುವ ಸ್ವಯಂಸೇವಕರದ್ದು. ಬಯಲಲ್ಲಿ ಮಡಚುವ ಮೇಜು, ಬೆಂಚು ಹಾಕಿ ಸಾಸೇಜ್ ಸುಡುತ್ತಾರೆ. ದುಡಿಯುವವರೆಲ್ಲ ಊರಿನವರೇ, ಸಂಬಳವಿಲ್ಲ.

ಪಕ್ಕದ ಮನೆಯವರು ಕರೆದರು ಅಂತ ಒಮ್ಮೆ ತಟ್ಟೆ ತೊಳೆಯಲು ಹೋದೆ. ಯಾರು, ಎಲ್ಲಿ, ಎಷ್ಟು ಗಂಟೆಯಿಂದ ಎಷ್ಟರವರೆಗೆ ಅಂತ ಪಟ್ಟಿ ತೂಗುಹಾಕಿದ್ದರು. ನನ್ನದು 3 ಗಂಟೆಯ ಪಾಳಿ. ಕೆಲಸ ಶುರುವಾಗುವ ಮುಂಚೆಯೇ ಕೈಗೆ ಎರಡು ಹಳದಿ ಚೀಟಿ ಬಂತು, ಊಟಕ್ಕೊಂದು, ಕುಡಿಯೋಕೊಂದು. ಹೊತ್ತಿಗೆ ಸರಿಯಾಗಿ ಒಬ್ಬಾಕೆ ಬಂದು ಏಪ್ರನ್ ಬಿಚ್ಚಿಸಿಕೊಂಡು, ಹೋಗಿ ತಿನ್ನಿ ಅಂದಳು. ನನಗೋ ಸಂಕೋಚ. ಜನ ಇನ್ನೂ ಸಾಲಲ್ಲಿದ್ದಾರೆ, ನಾನು ತಿನ್ನೋದಾ?

ಹಾಗಂತ ಚೀಟಿಯೇ ಸರಿ ಅನ್ನುವುದಿಲ್ಲ. ಅದಕ್ಕೆ ಸಿಗೋದು ಸಾಸೇಜ್, ಇಲ್ಲವೇ ಬ್ರೆಡ್ಡಿನಲ್ಲಿಟ್ಟ ಹಂದಿಮಾಂಸ. ನಾನು ಸಸ್ಯಾಹಾರಿ. ಆಲೂಗಡ್ಡೆ ಸಲಾಡ್ ಕೊಡಿ ಅಂದರೆ, ಅದಕ್ಕೆ ಮಾಂಸದ ಸಾರು ಹಾಕಿದ್ದೇವೆ ಅಂದರು. ಈ ಸೀಮೆಯಲ್ಲಿ ಅದು ಹಾಗೇ. ಕೊನೆಗೆ ಗತಿ ಫ್ರೆಂಚ್ ಫ್ರೈಸ್.

ನಮ್ಮಲ್ಲಿ ಬಡಿಸಿದವರದ್ದು ಕೊನೇ ಪಂಕ್ತಿ. ಆದರೆ ಮಲೆನಾಡಿನ ನಮ್ಮೂರಲ್ಲಿ ಆ ಪಂಕ್ತಿಯೇ ರುಚಿ. ಅಡಿಗೆ ಭಟ್ಟರು ಮೊದಲೇ ಒಂದು ಬುಟ್ಟಿ ಹೋಳಿಗೆ ಎತ್ತಿ ಒಲೆಯ ಹಿಂದೆ ಬಚ್ಚಿಡುತ್ತಿದ್ದರು. ನೆಂಟರು ಕೇಳಿದರೂ ಅದು ಹೊರಬರುತ್ತಿರಲಿಲ್ಲ. ಎಲ್ಲರದ್ದೂ ಆದಮೇಲೆ ಹುಡುಗರು ಪಂಚೆ ಸಡಿಲಿಸಿ ಕೂರುತ್ತಿದ್ದರು, ಮನೆ ಯಜಮಾನರೇ ತುಪ್ಪದ ಗಿಂಡಿ ಹಿಡಿದು ಬಡಿಸುತ್ತಿದ್ದರು. ಯಾವ ಚೀಟಿಗೂ ಆ ತುಪ್ಪ ಬರುವುದಿಲ್ಲ ಬಿಡಿ.

ಇಲ್ಲಿನ ನಮ್ಮ ಕನ್ನಡಿಗರ ಪಿಕ್ನಿಕ್ಕಿಗೆ ಕೊನೇ ಪಂಕ್ತಿ ಮಾತ್ರ ಬಂದಿದೆ, ಬುಟ್ಟಿ ಬಂದಿಲ್ಲ. ಎರಡು ವರ್ಷದ ಹಿಂದೆ ಪಾರ್ಕಿನಲ್ಲಿ ಎರಡು ಗಂಟೆ ನಿಂತು ಬಿಸಿಬೇಳೆಬಾತ್ ಹಾಕಿದೆ. ಮೂರನೇ ಸಲ ಬಂದವರಿಗೂ ಹಾಕಿದೆ, ಬೇಡ ಅನ್ನೋಕೆ ಬಾಯಿ ಬರಬೇಕಲ್ಲ! ನಮ್ಮ ಸರದಿ ಬಂದಾಗ ತಳ ಹಿಡಿದದ್ದನ್ನು ಕೆರೆದು ಆರು ಜನ ಹಂಚಿಕೊಂಡೆವು, ಜೊತೆಗೆ ಅರ್ಧ ಪ್ಯಾಕೆಟ್ ಚಿಪ್ಸ್. ಯಾರೂ ಬೇಕಂತ ಮಾಡಿದ್ದಲ್ಲ. ಬಫೆಯಲ್ಲಿ ಯಾರು ಉಂಡರು, ಯಾರು ಉಪವಾಸ ಅಂತ ಗೊತ್ತೇ ಆಗುವುದಿಲ್ಲ. ಪಂಕ್ತಿಯಾದರೆ ಖಾಲಿ ಎಲೆ ಕಣ್ಣಿಗೆ ಬೀಳುತ್ತದೆ. ಮುಂದಿನ ಸಲ ಬಡಿಸೋಕೆ ಜನ ಸಿಗಲಿಲ್ಲ ಅಂತ ಗೊಣಗಿದವರೂ ನಾವೇ.

ಕಳೆದ ಬೇಸಿಗೆಯಲ್ಲಿ ನಾನೇ ಆರು ಜನರ ಪಾಲನ್ನು ಮೊದಲು ಕುಕ್ಕರಿಗೆ ತುಂಬಿ, ಮುಚ್ಚಳದ ಮೇಲೆ ‘ಬಡಿಸುವವರಿಗೆ’ ಅಂತ ಬರೆದು ಅಂಟಿಸಿದೆ. ಇಬ್ಬಿಬ್ಬರಂತೆ ಪಾಳಿಯಲ್ಲಿ ಉಣ್ಣಿ ಅಂದೆ, ಒಬ್ಬರೂ ಕೇಳಲಿಲ್ಲ. ಎಲ್ಲ ಒಟ್ಟಿಗೇ ಕೊನೆಗೆ ಅಂತ ಹಠ. ಹಿರಿಯರೊಬ್ಬರು ಚೀಟಿ ಓದಿ, “ಏನಪ್ಪಾ, ನಿಮಗೆ ಬೇರೆ ಅಡಿಗೆನಾ?” ಅಂದರು. “ಅದೇ ಅಡಿಗೆ ಅಂಕಲ್, ಮುಗಿಯೋಕೆ ಮುಂಚಿನದ್ದು” ಅಂದೆ. ನಕ್ಕರು. ಸ್ವಲ್ಪ ಹೊತ್ತಿಗೆ ಸೌಟು ನನ್ನ ಕೈಯಿಂದ ಕಿತ್ತುಕೊಂಡು, ಕೂತ್ಕೋ ಅಂದರು.