28 ನಿಮಿಷ 41 ಸೆಕೆಂಡ್

"ಕಪ್ ಗೆದ್ದ ಪಂದ್ಯ ಬಿಟ್ಟು ಹೇಳಿ."

ಆಫೀಸಿನಲ್ಲಿ ಊಟಕ್ಕೆ ಕೂತಾಗ ಐಸ್ ಹಾಕಿ ಆಟದ ಮಾತು ಬಂದರೆ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಫೈನಲ್ ಬೇಡ, ಪ್ಲೇಆಫ್ ಬೇಡ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅಮೆರಿಕ, ಕೆನಡಾಗಳ ಎನ್‌ಎಚ್‌ಎಲ್ ಲೀಗಿನ ಪ್ರತಿ ತಂಡವೂ ಆಡುವ 80ಕ್ಕೂ ಹೆಚ್ಚು ರೆಗ್ಯುಲರ್ ಸೀಸನ್ ಪಂದ್ಯಗಳಿವೆಯಲ್ಲ, ಅದರಲ್ಲಿ ನಿಮ್ಮ ತಂಡ ಗೆದ್ದ ಯಾವ ಪಂದ್ಯವನ್ನು ಮರೆಯೋಕೇ ಆಗಲ್ಲ?

ಡೆಟ್ರಾಯ್ಟ್ ಕಡೆಯ ಸಹೋದ್ಯೋಗಿ ಯೋಚನೆಯನ್ನೇ ಮಾಡುವುದಿಲ್ಲ. 1997ರ ಮಾರ್ಚ್ 26, ಕೊಲರಾಡೋ ಎದುರಿನ ಪಂದ್ಯ. ಹಿಂದಿನ ವರ್ಷದ ಪ್ಲೇಆಫ್‌ನಲ್ಲಿ ಕೊಲರಾಡೋದ ಕ್ಲಾಡ್ ಲೆಮಿಯೂ ಹಿಂದಿನಿಂದ ಗುದ್ದಿ ಡೆಟ್ರಾಯ್ಟ್‌ನ ಕ್ರಿಸ್ ಡ್ರೇಪರ್‌ನ ಮುಖದ ಮೂಳೆ ಮುರಿದಿದ್ದ. ಆ ಸಿಟ್ಟು ಇಡೀ ಊರಿನಲ್ಲಿ ಕುದಿಯುತ್ತಿತ್ತು. ಆ ರಾತ್ರಿ ಡ್ಯಾರೆನ್ ಮೆಕಾರ್ಟಿ ಲೆಕ್ಕ ತೀರಿಸಿದ. ಎರಡೂ ಕಡೆಯ ಗೋಲ್‌ಕೀಪರ್‌ಗಳು ಕೂಡ ಐಸ್ ನಡುವೆ ಬಂದು ಹೊಡೆದಾಡಿದರು. ಕೊನೆಗೆ ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲು ಹೊಡೆದವನೂ ಅದೇ ಮೆಕಾರ್ಟಿ, 6-5. ಅದೇ ಜೂನ್‌ನಲ್ಲಿ 42 ವರ್ಷಗಳ ನಂತರ ಡೆಟ್ರಾಯ್ಟ್‌ಗೆ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಬಂತು. ಆದರೂ ಅವರಿಗೆ ಮೊದಲು ನೆನಪಾಗುವುದು ಆ ಮಾರ್ಚ್ ರಾತ್ರಿ. ಮಾಂಟ್ರಿಯಲ್‌ನಲ್ಲಿ ಓದಿ ಬಂದ ಇನ್ನೊಬ್ಬಳು 2008ರ ಫೆಬ್ರವರಿ 19 ಅನ್ನುತ್ತಾಳೆ. ನ್ಯೂಯಾರ್ಕ್ ರೇಂಜರ್ಸ್ ಎದುರು 0-5 ಹಿಂದಿದ್ದ ಮಾಂಟ್ರಿಯಲ್ ಕೆನೇಡಿಯನ್ಸ್ ಶೂಟೌಟ್‌ನಲ್ಲಿ 6-5 ಗೆದ್ದ ದಿನ.

ನನ್ನ ಉತ್ತರ 2020ರ ಫೆಬ್ರವರಿ 22. ಹೇಳಿದ ಕೂಡಲೇ ಎಲ್ಲರೂ "ಓ, ಆ ಝಾಂಬೋನಿ ಡ್ರೈವರ್ ಕಥೆ" ಅನ್ನುತ್ತಾರೆ. ಹೌದು, ಅದೇ; ಝಾಂಬೋನಿ ಅಂದರೆ ಐಸ್ ನುಣುಪು ಮಾಡುವ ಗಾಡಿ. ಆದರೆ ಆ ಕಥೆಯನ್ನು ಜನ ಹೇಳುವ ರೀತಿಯಲ್ಲಿ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ರಾಲೀ ಪಕ್ಕದ ಕೇರಿ ಅನ್ನುವ ಊರಿನಲ್ಲಿ. ಹಾಕಿ ಅಂದರೆ ನಮಗೆಲ್ಲ ಮೊದಲು ಕಣ್ಣಿಗೆ ಬರುವುದು ಕೊಡಗು, ಅಲ್ಲಿನ ಕುಟುಂಬಗಳ ಹಾಕಿ ಹಬ್ಬ. ಮಲೆನಾಡಿನ ಮಳೆಯಲ್ಲಿ ಬೆಳೆದ ನನಗೆ ಐಸ್ ಮೇಲೆ ಆಡುವ ಆಟ ಇಷ್ಟವಾಗಬಹುದು ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. 2016ರಲ್ಲಿ ಇಲ್ಲಿಗೆ ಬಂದಾಗ ನಮ್ಮ ಕ್ಯಾರೊಲೈನಾ ಹರಿಕೇನ್ಸ್ ಪ್ಲೇಆಫ್ ಮುಖ ನೋಡಿ ಏಳು ವರ್ಷ ಆಗಿತ್ತು. ಅರೀನಾದಲ್ಲಿ ಸೀಟು ಖಾಲಿ ಇರುತ್ತಿದ್ದವು, ಟಿಕೆಟ್ ಅಗ್ಗಕ್ಕೆ ಸಿಗುತ್ತಿತ್ತು. ಹೊರಗೆ ಚಳಿ, ಊರಲ್ಲಿ ಯಾರೂ ಗೊತ್ತಿಲ್ಲ. ಹಾಗಾಗಿ ವಾರಕ್ಕೊಮ್ಮೆ ಹೋಗಿ ಕೂರುತ್ತಿದ್ದೆವು. ಸೋಲುವ ತಂಡದ ಜೊತೆ ಕೂತು ಕೂತು ಅದು ನಮ್ಮ ತಂಡ ಆಯಿತು. 2019ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ಡೆವಿಲ್ಸ್ ಮೇಲೆ ಗೆದ್ದು, 2009ರ ನಂತರ ಮೊದಲ ಸಲ ಪ್ಲೇಆಫ್‌ಗೆ ಹೋದಾಗ ಮನೆಯಲ್ಲಿ ಪಾಯಸ ಮಾಡಿದ್ದೆವು. ಅದೂ ರೆಗ್ಯುಲರ್ ಸೀಸನ್ ಗೆಲುವೇ. ಆದರೂ ನನ್ನ ಪಟ್ಟಿಯಲ್ಲಿ ಅದು ಎರಡನೆಯದು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಹಿಂದಿನ ದಿನ ಶಿವರಾತ್ರಿ. ಜಾಗರಣೆ ಮಾಡಿ ಎಲ್ಲರ ಕಣ್ಣೂ ಭಾರ. ಸಂಜೆ ಮೂರು ಮನೆಯವರು ನಮ್ಮಲ್ಲಿ ಸೇರಿದ್ದೆವು. ಪಂದ್ಯ ಟೊರಾಂಟೊದಲ್ಲಿ, ಮೇಪಲ್ ಲೀಫ್ಸ್ ಎದುರು. ಪ್ಲೇಆಫ್ ಜಾಗಕ್ಕಾಗಿ ಎರಡೂ ತಂಡಗಳಿಗೆ ಒಂದೊಂದು ಪಾಯಿಂಟೂ ಬೇಕಿತ್ತು. ಅವರ ಕಡೆ ಮ್ಯಾಥ್ಯೂಸ್, ಟವಾರೆಸ್, ಮಾರ್ನರ್, ನೈಲಾಂಡರ್. ಲೀಗಿನ ಯಾವ ಗೋಲ್‌ಕೀಪರ್‌ಗೂ ನಿದ್ದೆ ಕೆಡಿಸುವ ಹೆಸರುಗಳು.

ಪಂದ್ಯದಲ್ಲಿ 20 ನಿಮಿಷದ ಮೂರು ಪೀರಿಯಡ್. ಮೊದಲನೆಯದರಲ್ಲೇ ನಮ್ಮ ಗೋಲ್‌ಕೀಪರ್ ಜೇಮ್ಸ್ ರೈಮರ್ ಪೆಟ್ಟು ಬಿದ್ದು ಹೊರಗೆ ಹೋದ. ಪೀಟರ್ ಮ್ರಾಜೆಕ್ ಬಂದ. ಎರಡನೇ ಪೀರಿಯಡ್‌ನಲ್ಲಿ ಮ್ರಾಜೆಕ್ ಗೋಲಿನ ಜಾಗ ಬಿಟ್ಟು ಮುಂದೆ ಬಂದು ಪಕ್ (ಆಡುವ ಬಿಲ್ಲೆ) ತಡೆಯಲು ಹೋದಾಗ ಟೊರಾಂಟೊದ ಕೈಲ್ ಕ್ಲಿಫರ್ಡ್ ಜೋರಾಗಿ ಬಂದು ಗುದ್ದಿದ. ಮ್ರಾಜೆಕ್ ಏಳಲೇ ಇಲ್ಲ. ನಾವು 3-1 ಮುಂದಿದ್ದೆವು. ತಂಡದ ಬಳಿ ಮೂರನೇ ಗೋಲ್‌ಕೀಪರ್ ಇರಲಿಲ್ಲ.

ಇಂಥ ಹೊತ್ತಿಗೆ ಅಂತ ಎನ್‌ಎಚ್‌ಎಲ್‌ನಲ್ಲಿ ಒಂದು ಏರ್ಪಾಡಿತ್ತು. ಪಂದ್ಯ ಯಾವ ಊರಲ್ಲಿ ನಡೆಯುತ್ತದೋ ಆ ಊರಿನ ತಂಡ ಒಬ್ಬ ಎಮರ್ಜೆನ್ಸಿ ಗೋಲ್‌ಕೀಪರ್‌ನನ್ನು ಕ್ರೀಡಾಂಗಣದಲ್ಲಿ ಕೂರಿಸಿರಬೇಕಿತ್ತು. ಎರಡೂ ತಂಡಕ್ಕೆ ಅವನೊಬ್ಬನೇ. ಯಾರಿಗೆ ಬೇಕಾದರೂ ಅವರ ಪರ ಆಡಬೇಕಿತ್ತು. ನೂರಾರು ಪಂದ್ಯಗಳಲ್ಲಿ ಅವನು ಸುಮ್ನೆ ಕೂತು ಆಟ ನೋಡಿ ಮನೆಗೆ ಹೋಗುತ್ತಿದ್ದ ಅಷ್ಟೇ. ಆ ರಾತ್ರಿ ಕೂತಿದ್ದವನು ಡೇವಿಡ್ ಏಯರ್ಸ್. ವಯಸ್ಸು 42. ಒಂದು ಕಾಲದಲ್ಲಿ ಝಾಂಬೋನಿ ಓಡಿಸುತ್ತಿದ್ದವನು. ಲೀಫ್ಸ್ ಆಟಗಾರರ ಪ್ರಾಕ್ಟೀಸ್‌ಗೆ ಆಗಾಗ ಗೋಲಿನಲ್ಲಿ ನಿಲ್ಲುತ್ತಿದ್ದವನು. ಅಂದರೆ ಟೊರಾಂಟೊದವರ ಮನೆಯ ಮನುಷ್ಯ. ನಮ್ಮ ಜೆರ್ಸಿ ಹಾಕಿಕೊಂಡು ಬಂದ, ಬೆನ್ನ ಮೇಲೆ 90. ತಲೆಯ ಮೇಲಿನ ಮಾಸ್ಕ್ ಮಾತ್ರ ಲೀಫ್ಸ್‌ದು. 2004ರಲ್ಲಿ ಅವನಿಗೆ ಕಿಡ್ನಿ ಕಸಿ ಆಗಿತ್ತು. ಕಿಡ್ನಿ ಕೊಟ್ಟದ್ದು ಅವನ ತಾಯಿ.

ಇದೆಲ್ಲ ನಮಗೆ ಆಮೇಲೆ ಗೊತ್ತಾಗಿದ್ದು. ಆ ಕ್ಷಣ ಟಿವಿಯಲ್ಲಿ ಕಂಡಿದ್ದು ಬೇರೆ ತಂಡದ ಮಾಸ್ಕ್ ಹಾಕಿಕೊಂಡು, ಸ್ವಲ್ಪ ಬಿಗಿಯಾಗಿ ಸ್ಕೇಟ್ ಮಾಡುತ್ತಾ ಬಂದ ಒಬ್ಬ ಮಧ್ಯವಯಸ್ಸಿನವನು. ಗಡಿಯಾರದಲ್ಲಿ ಇನ್ನೂ 28 ನಿಮಿಷ 41 ಸೆಕೆಂಡ್ ಇತ್ತು.

ಕ್ಲಿಫರ್ಡ್‌ಗೆ ಪೆನಾಲ್ಟಿ ಆಗಿತ್ತಲ್ಲ, ಅವನು ಹೊರಗೆ ಕೂತು ಅವರ ಕಡೆ ಒಬ್ಬ ಕಡಿಮೆ ಇದ್ದ ಆ ಪವರ್ ಪ್ಲೇನಲ್ಲಿ ನಮ್ಮ ಟೆರಾವೈನೆನ್ ಗೋಲು ಹೊಡೆದ. 4-1. ಉಸಿರು ಬಿಟ್ಟೆವು. ಆಮೇಲೆ ಟವಾರೆಸ್ ಒಂದು ಶಾಟ್ ಹೊಡೆದ, ಗೋಲು. ಏಯರ್ಸ್ ಎದುರಿಸಿದ ಮೊದಲ ಶಾಟ್ ಅದು. ಎರಡನೆಯದು ಎಂಗ್ವಾಲ್‌ದು, ಅದೂ ಗೋಲು. 4-3. ಎರಡು ಶಾಟ್, ಎರಡು ಗೋಲು. ನಮ್ಮ ಮನೆಯಲ್ಲಿ ಮಾತು ನಿಂತುಹೋಯಿತು. ಆಗ ಒಂಬತ್ತು ವರ್ಷದ ನನ್ನ ಮಗಳು ಸೋಫಾದ ಹಿಂದೆ ಹೋಗಿ ಕೂತಳು. ಅವಳಿಗೆ ಸೋಲಿನ ಭಯ ಇರಲಿಲ್ಲ, ಆ ಅಂಕಲ್‌ಗೆ ಎಲ್ಲರೂ ಬೈತಾರೆ ಅನ್ನುವ ಭಯ.

ಯಾರೂ ಬೈಯಲಿಲ್ಲ. ಬ್ರೇಕ್‌ನಲ್ಲಿ ಅವನ ಹೊಸ ತಂಡದವರು, ಒಂದು ಗಂಟೆಯ ಹಿಂದೆ ಅವನ ಹೆಸರೂ ಗೊತ್ತಿಲ್ಲದವರು, ಎಷ್ಟು ಗೋಲು ಹೋದರೂ ತಲೆ ಕೆಡಿಸಿಕೊಳ್ಳಬೇಡ, ಖುಷಿಯಾಗಿ ಆಡು ಅಂದರಂತೆ. ಆಮೇಲೆ ಹೊರಗೆ ಬಂದು ಆ ಮಾತು ಉಳಿಸಿಕೊಂಡರು.

ನಾನು ಹೇಳಬೇಕೆಂದಿರುವುದು ಈ ಮೂರನೇ ಪೀರಿಯಡ್ ಬಗ್ಗೆ. ಪತ್ರಿಕೆಗಳೆಲ್ಲ ಬರೆದದ್ದು ಏಯರ್ಸ್ ಹೇಗೆ ಪವಾಡ ಮಾಡಿದ ಅಂತ. ಅವನು ಒಟ್ಟು ಎಂಟು ಶಾಟ್ ತಡೆದ, ನಿಜ. ಆ ಧೈರ್ಯಕ್ಕೆ ಎಷ್ಟು ಚಪ್ಪಾಳೆ ಹೊಡೆದರೂ ಸಾಲದು. ಆದರೆ ಇನ್ನೊಂದು ಕಡೆಯಿಂದ ನೋಡಿ. ಒಂದೇ ಗೋಲಿನ ಅಂತರ, ತಮ್ಮದೇ ಊರು, ಎದುರು ನಿಂತಿರುವುದು ತಾವೇ ಆಗಾಗ ಪ್ರಾಕ್ಟೀಸ್‌ನಲ್ಲಿ ಗೋಲು ಹೊಡೆಯುವ ಮನುಷ್ಯ. ಅಂಥ ಟೊರಾಂಟೊ ತಂಡ ಇಡೀ 20 ನಿಮಿಷದಲ್ಲಿ ಗೋಲಿನತ್ತ ಕಳಿಸಿದ್ದು ಏಳೇ ಏಳು ಶಾಟ್. ಯಾಕೆ? ಕಳಿಸಲು ಬಿಟ್ಟಿದ್ದರೆ ತಾನೇ.

ಆ ರಾತ್ರಿ ನಮ್ಮ ಡಿಫೆನ್ಸ್ ಪೂರ್ತಿ ಇರಲೂ ಇಲ್ಲ. ಡಗೀ ಹ್ಯಾಮಿಲ್ಟನ್ ಜನವರಿಯಲ್ಲೇ ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಬ್ರೆಟ್ ಪೆಸ್ಸಿಗೆ ಅದೇ ಪಂದ್ಯದಲ್ಲಿ ಭುಜಕ್ಕೆ ಪೆಟ್ಟಾಯಿತು. ಇದ್ದವರೇ ಓಡಿದರು. ಜೇಕಬ್ ಸ್ಲೇವಿನ್ ಅನ್ನುವ ನಮ್ಮ ಡಿಫೆನ್ಸ್‌ಮನ್ ಆಟ ನೋಡಿದವರಿಗೆ ಗೊತ್ತು. ಗದ್ದಲ ಇಲ್ಲ, ಗುದ್ದಾಟ ಇಲ್ಲ. ಉದ್ದ ಕೋಲು ಚಾಚಿ ಎದುರಾಳಿಯ ಕೋಲಿನಿಂದ ಪಕ್ ಎಗರಿಸಿಬಿಡುತ್ತಾನೆ, ಅವನಿಗೆ ಗೊತ್ತಾಗುವ ಮೊದಲೇ. ಆ ರಾತ್ರಿ ಇಡೀ ತಂಡ ಹಾಗೆ ಆಡಿತು. ಟೊರಾಂಟೊದವರು ಮಧ್ಯದ ಗೆರೆ ದಾಟುವಷ್ಟರಲ್ಲಿ ಇಬ್ಬರು ಮೈಮೇಲೆ. ಮೂಲೆಯಲ್ಲಿ ಪಕ್ ಸಿಕ್ಕರೆ ಬಿಡುತ್ತಲೇ ಇರಲಿಲ್ಲ. ಇನ್ನೂ ದೊಡ್ಡ ವಿಷಯ ಅಂದರೆ ಅವರು ಸುಮ್ನೆ ಕಾವಲು ಕಾಯಲಿಲ್ಲ. ಫೋಗಲ್ ಒಂದು ಗೋಲು, ನೇಚಸ್ ಇನ್ನೊಂದು. 6-3. ಹೆದರಿದ ತಂಡ ಹಿಂದೆ ಹೋಗಿ ಗೋಲಿನ ಮುಂದೆ ಗುಂಪಾಗಿ ನಿಲ್ಲುತ್ತದೆ. ಇವರು ಆಟವನ್ನೇ ಅವನಿಂದ ದೂರ, ಐಸ್‌ನ ಆ ತುದಿಗೆ ಎಳೆದುಕೊಂಡು ಹೋದರು.

ಇದನ್ನು ಹೇಳಿದರೆ ಏಯರ್ಸ್‌ನ ಹೆಸರು ಕಡಿಮೆ ಆಗುತ್ತದೆಯೇ? ನನಗೆ ಹಾಗನ್ನಿಸಲ್ಲ. ಆ ಎಂಟು ಶಾಟ್ ಅವನೇ ತಡೆಯಬೇಕಿತ್ತು, ಬೇರೆ ಯಾರೂ ತಡೆಯುವಂತಿರಲಿಲ್ಲ. ಮೊದಲೆರಡು ಒಳಗೆ ಹೋದ ಮೇಲೆ ಮತ್ತೆ ಅಲ್ಲೇ ನಿಂತನಲ್ಲ, ಅದಕ್ಕೆ ಎಂಥ ಎದೆ ಬೇಕು! ಆದರೆ ಒಬ್ಬ ಮನುಷ್ಯನ ಅದೃಷ್ಟದ ಕಥೆಯಾಗಿ ಮಾತ್ರ ಹೇಳಿದರೆ, ಉಳಿದ ಹದಿನೆಂಟು ಜನ ಅವನಿಗಾಗಿ ಏನು ಮಾಡಿದರು ಅನ್ನುವುದು ಮಾಯವಾಗುತ್ತದೆ. ನಾನು ಆ ಪಂದ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ನನ್ನ ಕಣ್ಣು ಹೋಗುವುದು ಅವರ ಕಡೆಗೇ.

ಪಂದ್ಯ ಮುಗಿದಾಗ ಟೊರಾಂಟೊ ಪ್ರೇಕ್ಷಕರೂ ಎದ್ದು ನಿಂತು ಚಪ್ಪಾಳೆ ಹೊಡೆದರು, ಸೋತದ್ದು ತಮ್ಮ ತಂಡ ಆದರೂ. ಡ್ರೆಸ್ಸಿಂಗ್ ರೂಮಿಗೆ ಬಂದವನ ಮೇಲೆ ಹುಡುಗರೆಲ್ಲ ನೀರು ಸುರಿದರು. ಅವರ ಮೂರನ್ನು ಮೀರಿಸಿದ ನಮ್ಮ ನಾಲ್ಕನೇ ಗೋಲು ಬಿದ್ದಾಗ ಗೋಲಿನಲ್ಲಿದ್ದವನು ಅವನಾದ್ದರಿಂದ ಗೆಲುವು ಅವನ ಹೆಸರಿಗೇ ಬಂತು. ರೆಗ್ಯುಲರ್ ಸೀಸನ್‌ನಲ್ಲಿ ಮೊದಲ ಪಂದ್ಯದಲ್ಲೇ ಗೆದ್ದ ಅತಿ ಹಿರಿಯ ಗೋಲ್‌ಕೀಪರ್. ಅವನಿಗೆ ಸಿಕ್ಕ ಹಣ 500 ಡಾಲರ್, ಜೊತೆಗೆ ಆ ಜೆರ್ಸಿ. ಅವನ ಕೋಲು 'ಹಾಕಿ ಹಾಲ್ ಆಫ್ ಫೇಮ್' ಮ್ಯೂಸಿಯಂ ಸೇರಿತು. ಮೂರು ದಿನಕ್ಕೆ ರಾಲೀಗೆ ಬಂದು ಪಂದ್ಯದ ಮೊದಲು ನಮ್ಮ ಅರೀನಾದ ಸೈರನ್ ತಿರುಗಿಸಿದ. ಅವನ ಹೆಸರಿನ ಟೀ ಶರ್ಟ್ ಮಾರಿದ ಹಣದಲ್ಲಿ ಒಂದು ಪಾಲು ಕಿಡ್ನಿ ರೋಗಿಗಳ ಸಂಸ್ಥೆಗೆ ಹೋಯಿತು. ನಾವೂ ಮೂರು ತೆಗೆದುಕೊಂಡೆವು.

ಎರಡೇ ಪಾಯಿಂಟಿನ ಪಂದ್ಯಕ್ಕೆ ಇಷ್ಟೆಲ್ಲ ಬೇಕಾ ಅಂತ ಕೇಳುವವರಿಗೆ ನಾನು ಕ್ರಿಸ್ ಗೇಲ್ ಹೆಸರು ಹೇಳುತ್ತೇನೆ. 2013ರ ಏಪ್ರಿಲ್ 23, ಚಿನ್ನಸ್ವಾಮಿ, 66 ಬಾಲಿಗೆ 175. ಅದು ಲೀಗ್ ಪಂದ್ಯ. ಆ ವರ್ಷ ಆರ್‌ಸಿಬಿ ಪ್ಲೇಆಫ್‌ಗೂ ಹೋಗಲಿಲ್ಲ. ಅಷ್ಟಾದರೂ ಆ ದಿನ ನೀವು ಎಲ್ಲಿ ಕೂತು ನೋಡಿದಿರಿ ಅಂತ ಕೇಳಿದರೆ ನಿಮಗೆ ನೆನಪಿದೆ, ಅಲ್ವಾ? ಆ ವರ್ಷ ಕಪ್ ಯಾರು ಗೆದ್ದರು ಅನ್ನುವುದಕ್ಕೆ ಸ್ವಲ್ಪ ಯೋಚಿಸಬೇಕು.

ನಮ್ಮ ತಂಡಕ್ಕೆ ಇಂಥ ಇನ್ನೊಂದು ರಾತ್ರಿಯೂ ಇದೆ, ಅದು ಗೆಲುವಲ್ಲ. 2016ರ ಡಿಸೆಂಬರ್ 31, ಟ್ಯಾಂಪಾದಲ್ಲಿ. ನಮ್ಮ ಒಬ್ಬ ಗೋಲ್‌ಕೀಪರ್‌ಗೆ ಹುಷಾರಿರಲಿಲ್ಲ. ವರ್ಷಗಟ್ಟಲೆ ತಂಡದ ಸ್ಕೇಟು, ಕೋಲು ನೋಡಿಕೊಳ್ಳುತ್ತಿದ್ದ ಹೋರ್ಹೆ ಆಲ್ವೆಸ್‌ಗೆ ಜೆರ್ಸಿ ಹಾಕಿ ಬೆಂಚಿನಲ್ಲಿ ಕೂರಿಸಿದ್ದರು. ಪಂದ್ಯ ಸೋತಾಗಿತ್ತು. ಕೊನೆಯ 7.6 ಸೆಕೆಂಡ್ ಇದ್ದಾಗ ಅವನನ್ನು ಗೋಲಿಗೆ ಕಳಿಸಿದರು. ಒಂದು ಶಾಟೂ ಬರಲಿಲ್ಲ. ಅಷ್ಟಕ್ಕೇ ಅವನು ಎನ್‌ಎಚ್‌ಎಲ್ ಆಡಿದವನಾದ. ನಾವು ಈ ಊರಿಗೆ ಬಂದ ವರ್ಷ ಅದು. ಈ ತಂಡ ನಮಗೆ ಹಿಡಿಸಿದ್ದು ಅವತ್ತೇ ಇರಬೇಕು.

ಲೀಗಿನ ಹೊಸ ಒಪ್ಪಂದದಲ್ಲಿ ಪ್ರತಿ ತಂಡವೂ ಎಮರ್ಜೆನ್ಸಿ ಗೋಲ್‌ಕೀಪರ್‌ನನ್ನು ಪೂರ್ತಿ ಸಂಬಳ ಕೊಟ್ಟು ಜೊತೆಗೇ ಇಟ್ಟುಕೊಳ್ಳಬೇಕು ಅಂತ ಆಗಿದೆ. ಸರಿಯಾದ ನಿಯಮವೇ. ಅಂಥ ವೇಗದ ಆಟದಲ್ಲಿ ತಯಾರಿ ಇಲ್ಲದವನನ್ನು ನಿಲ್ಲಿಸುವುದು ಅಪಾಯ. ಆದರೂ ಆ ಸುದ್ದಿ ಓದಿದ ದಿನ ನನಗೆ ಬೇಜಾರಾಯಿತು. ಗ್ಯಾಲರಿಯಲ್ಲಿ ಕೂತವನನ್ನು ಕೆಳಗೆ ಕರೆದು ಎದುರು ತಂಡದ ಜೆರ್ಸಿ ಕೊಡುವ ರಾತ್ರಿ ಇನ್ನು ಬರುವುದಿಲ್ಲ.

ಆ ಪಂದ್ಯದ ಮರುದಿನ ಭಾನುವಾರ ಬೆಳಿಗ್ಗೆ ಊರಿಗೆ ಫೋನ್ ಮಾಡಿದ್ದೆ. ಸಾಗರದಲ್ಲಿ ಆಗ ಸಂಜೆ. ಅಮ್ಮನಿಗೆ ಐಸ್ ಹಾಕಿ ಏನೂ ಗೊತ್ತಿಲ್ಲ. ನಾನು ಪೂರ್ತಿ ಕಥೆ ಹೇಳಿದೆ, ಕಿಡ್ನಿ ವಿಷಯವನ್ನೂ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಆ ಚೆಂಡು ಗಟ್ಟಿ ಇರತ್ತಾ?" ಅಂದಳು.

ಚೆಂಡಲ್ಲ ಅಮ್ಮ, ರಬ್ಬರ್ ಬಿಲ್ಲೆ, ಕಲ್ಲಿನ ಹಾಗಿರತ್ತೆ ಅಂದೆ.

"ಅಯ್ಯೋ, ಹೊಟ್ಟೆಗೆ ಬಿದ್ದಿದ್ರೆ ಏನು ಗತಿ? ಅವನ ಅಮ್ಮ ಕೊಟ್ಟಿದ್ದು ಅಲ್ವಾ ಅದು." ಮತ್ತೆ ಒಂದು ಕ್ಷಣ ಬಿಟ್ಟು, "ಉಳಿದ ಹುಡುಗರೆಲ್ಲ ಅಡ್ಡ ನಿಂತ್ರು ಅಂದ್ಯಲ್ಲ, ಪುಣ್ಯಾತ್ಮರು" ಅಂದಳು.