ನುಂಗಿಹೋದ ಪಾಯಿಂಟು

ಅಪ್ಪನ ಕಾಲದ ಆಂಪ್ಲಿಫೈಯರ್ ಒಂದು ಭಾನುವಾರ 'ಟಪ್' ಎಂದು ಎಡಗಡೆಯ ದನಿ ಕಳೆದುಕೊಂಡಿತು. ಬಿಚ್ಚಿ ನೋಡಿದರೆ 2ಎನ್3055 ಟ್ರಾನ್ಸಿಸ್ಟರ್ ಒಂದು ಶಾರ್ಟ್. ಅದರ ಎಮಿಟರ್ ಕಾಲಿಗೆ ಕೂತಿದ್ದ, ಕರೆಂಟಿಗೆ ತಡೆ ಒಡ್ಡುವ ಬಿಳಿ ಸಿಮೆಂಟ್ ರೆಸಿಸ್ಟರ್ ಸೀದ ರೊಟ್ಟಿ. ಕಾಲೇಜಿನಲ್ಲಿ 'ಬಿ ಬಿ ರಾಯ್ ಆಫ್ ಗ್ರೇಟ್ ಬ್ರಿಟನ್' ಎಂದು, ರೆಸಿಸ್ಟರ್ ಎಷ್ಟು ಓಮಿನದು ಎಂದು ಹೇಳುವ ಬಣ್ಣದ ಪಟ್ಟಿಗಳನ್ನು ಉರು ಹೊಡೆದಿದ್ದು ದಂಡ. ಇದಕ್ಕೆ ಪಟ್ಟಿಯೇ ಇಲ್ಲ, ಅಕ್ಷರಸ್ಥ ಜಾತಿ. ಬದುಕಿದ್ದ ಬಲಗಡೆಯದನ್ನು ಓದಿದೆ: 0.22 ಓಮ್, 5 ವ್ಯಾಟ್.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನ ಅಂಗಡಿಯ ಮುಂದೆ ನಿಂತು "ಪಾಯಿಂಟ್ ಟ್ವೆಂಟಿಟೂ, ಫೈವ್ ವ್ಯಾಟ್, ನಾಲ್ಕು ಕೊಡಪ್ಪ" ಅಂದೆ. ನನ್ನ 'ಪಾಯಿಂಟ'ನ್ನು ಹಿಂದಿದ್ದ ಆಟೋದ ಹಾರ್ನ್ ನುಂಗಿತು. ಹುಡುಗ ಕೊಬ್ಬರಿ ಮಿಠಾಯಿಯಂಥ ನಾಲ್ಕು ತುಂಡುಗಳನ್ನು ಪೊಟ್ಟಣ ಕಟ್ಟಿಕೊಟ್ಟ. ಕನ್ನಡಕ ಮನೆಯಲ್ಲಿತ್ತು.

ಹಾಕುವ ಮುಂಚೆ ಮೀಟರ್ ಹಿಡಿಯಬಹುದಿತ್ತು. ಹಿಡಿಯದಿರಲು ನನ್ನಲ್ಲಿ ಪಾಂಡಿತ್ಯವಿತ್ತು: ಇಷ್ಟು ಚಿಕ್ಕ ವ್ಯಾಲ್ಯೂಗೆ ಪ್ರೋಬ್ ತಂತಿಯ ರೆಸಿಸ್ಟೆನ್ಸೇ ಹೆಚ್ಚಿರಬಹುದು, ಅಳೆದು ಏನು ಬಂತು?

ಹೊಸ ಟ್ರಾನ್ಸಿಸ್ಟರ್ ಕೂರಿಸಿ, ರೆಸಿಸ್ಟರ್ ಜೋಡಿ ಬೆಸುಗೆ ಹಾಕಿ, ಶಾರ್ಟ್ ಇದ್ದರೆ ಉರಿಯುತ್ತಲೇ ಇರುವ ಸೀರೀಸ್ ಬಲ್ಬನ್ನು ಕರೆಂಟಿನ ದಾರಿಯಲ್ಲಿ ಕಟ್ಟಿ ಆನ್ ಮಾಡಿದೆ. ಬಲ್ಬು ಒಮ್ಮೆ ಮಿಣುಕಿ ಆರಿತು. ಶಾರ್ಟ್ ಇಲ್ಲ! ಬಲ್ಬು ತೆಗೆದು ಹಾಡು ಹಾಕಿದರೆ ಗಾಯಕರಿಗೆ ಶೀತ. ಸಣ್ಣ ದನಿಯಲ್ಲಂತೂ ಕರಕರ. ಸ್ಪೀಕರನ್ನು ಬೈದೆ, ವೈರನ್ನು ಬೈದೆ, ಕೊನೆಗೆ ವಾಲ್ಯೂಮ್ ತಿರುಗಿಸಿದೆ.

"ರೀ, ಒಲೆ ಮೇಲೆ ಏನಾದ್ರೂ ಇಟ್ಟು ಮರೆತಿದ್ದೀರಾ?" ಅಡುಗೆಮನೆಯಿಂದ ಕೇಳಿಬಂತು.

ವಾಸನೆ ಎಲ್ಲಿಂದ ಎಂದು ಬೆರಳಿಂದ ಮುಟ್ಟಿ ನೋಡಿದೆ. ಆಮೇಲೆ ಬೆರಳನ್ನು ನಲ್ಲಿಗೆ ಹಿಡಿದುಕೊಂಡು ನಿಂತಿದ್ದಾಗ ಮಗಳು ಪೊಟ್ಟಣದಲ್ಲಿ ಉಳಿದಿದ್ದನ್ನು ಎತ್ತಿ ಓದಿದಳು. "ಅಪ್ಪಾ, ಇದು ಬರೀ ಇಪ್ಪತ್ತೆರಡು. ಸೊನ್ನೆನೂ ಇಲ್ಲ, ಪಾಯಿಂಟೂ ಇಲ್ಲ."

ಒಂದು ಆಂಪಿಯರ್ ಹರಿದರೆ 0.22 ಓಮಿನಲ್ಲಿ ಕಾಲು ವ್ಯಾಟ್ ಶಾಖವೂ ಇಲ್ಲ. 22 ಓಮಿನಲ್ಲಿ 22 ವ್ಯಾಟ್! ಪಾಪ, 5 ವ್ಯಾಟಿನ ಮಿಠಾಯಿ ಎಷ್ಟು ತಡೆದೀತು?

ಮತ್ತೆ ಎಸ್.ಪಿ. ರೋಡು. ಈ ಸಲ ಚೀಟಿಯಲ್ಲಿ ಬರೆದುಕೊಂಡು, ಪಾಯಿಂಟನ್ನು ಕುಂಕುಮದ ಬೊಟ್ಟಿನಷ್ಟು ದೊಡ್ಡದಾಗಿ ಇಟ್ಟಿದ್ದೆ. ಹುಡುಗ ಚೀಟಿ ನೋಡಿ, "ಅದು ಖಾಲಿ ಸಾರ್. 0.47 ಇದೆ, ಎರಡೆರಡು ಪ್ಯಾರಲಲ್ ಹಾಕ್ಕೊಳ್ಳಿ" ಅಂದ. ಲೆಕ್ಕ ಹಾಕಿದೆ: ಎರಡನ್ನು ಪಕ್ಕಪಕ್ಕ ಜೋಡಿಸಿದರೆ ತಡೆ ಅರ್ಧ, ಅಂದರೆ 0.235. ಪರವಾಗಿಲ್ಲ. ಬೋರ್ಡಿನಲ್ಲಿ ಜಾಗ ಸಾಲದೆ ಅವು ಸಿಟಿ ಬಸ್ಸಿನ ಜನರಂತೆ ಒಂದಕ್ಕೊಂದು ಒರಗಿ ನಿಂತಿವೆ, ಹಾಡು ಮಾತ್ರ ಸಲೀಸು.

ಉಳಿದ ಎರಡು ಇಪ್ಪತ್ತೆರಡುಗಳು ಶೋಕೇಸಿನ ಮೇಲಿದ್ದವು. ಮೊನ್ನೆ ಬಂದ ನೆಂಟರೊಬ್ಬರು ಒಂದನ್ನು ಎತ್ತಿಕೊಂಡು, "ಮನೇಲೇ ಮಾಡಿದ್ದಾ?" ಎಂದು ಕೇಳಿದರು.