ಅಮ್ಮನಿಗೆ ರೆಡಿಮೇಡ್ ಮನೆ ತರುವ ಮೊದಲು

ವಯಸ್ಸಾದವರಿಗೆ ಅಂತ ಹಿತ್ತಲಲ್ಲಿ ರೆಡಿಮೇಡ್ ಮನೆ ಕೂರಿಸುವ ಯೋಚನೆ ಇದ್ರೆ ಮೊದಲು ಬಾತ್‌ರೂಮಿನ ನಕ್ಷೆ ಕೇಳಿ. ಹಾಲ್ ಎಷ್ಟು ದೊಡ್ಡದು, ಮುಂದೆ ಸಿಟೌಟ್ ಬರುತ್ತಾ, ಇವೆಲ್ಲ ಆಮೇಲೆ.

ನಮ್ಮ ಕಡೆ ಹಳೇ ಮನೆಗಳು ಹೇಗಿವೆ ಅಂತ ಗೊತ್ತಲ್ವಾ? ಜಗಲಿ ಹತ್ತೋಕೆ ಮೂರು ಮೆಟ್ಟಿಲು, ಕೋಣೆ ಕೋಣೆಗೂ ಎತ್ತರದ ಹೊಸ್ತಿಲು, ಕಕ್ಕಸು ಹಿತ್ತಲಲ್ಲಿ. ಮಳೆಗಾಲದಲ್ಲಿ ಅಂಗಳ ಪೂರ್ತಿ ಪಾಚಿ. ಮಂಡಿನೋವು ಜಾಸ್ತಿಯಾದ ಮೇಲೆ ಅಮ್ಮ ಸಂಜೆ ಆರರ ನಂತರ ನೀರು ಕುಡಿಯೋದನ್ನೇ ಬಿಟ್ಟಿದ್ದಾರೆ. ರಾತ್ರಿ ಏಳಬೇಕಾಗುತ್ತೆ ಅನ್ನೋ ಭಯ. ಇದು ನೋಡಿದ ಮೇಲೆ ನನಗೆ ಸುಮ್ನೆ ಕೂರೋಕೆ ಆಗಲಿಲ್ಲ.

ಹಳೇ ಮನೆ ಒಡೆದು ಕಟ್ಟಿಸೋಕೆ ಹೊರಟರೆ ತಿಂಗಳುಗಟ್ಟಲೆ ಮರಳು, ಸಿಮೆಂಟ್, ಧೂಳು. ಅಷ್ಟು ದಿನ ಅವರು ಎಲ್ಲಿರಬೇಕು? ರೆಡಿಮೇಡ್ ಮನೆಯಲ್ಲಿ ಆ ಕಷ್ಟ ಕಡಿಮೆ. ಕಬ್ಬಿಣದ ಫ್ರೇಮು, ಪ್ಯಾನೆಲ್ಲು ಎಲ್ಲ ಫ್ಯಾಕ್ಟರಿಯಲ್ಲೇ ತಯಾರಾಗಿ ಬರುತ್ತೆ. ಅಮೆರಿಕದ ವರ್ಜೀನಿಯಾ ರಾಜ್ಯ 2010ರಲ್ಲೇ ಇದಕ್ಕೊಂದು ಕಾನೂನು ಮಾಡಿತು. ಆರೈಕೆ ಬೇಕಾದವರಿಗೆ ಅಂತ, ಅವರನ್ನು ನೋಡಿಕೊಳ್ಳುವವರ ಜಾಗದಲ್ಲೇ 300 ಚದರ ಅಡಿ ಮೀರದ ಮನೆ ಇಡಬಹುದು, ಅಗತ್ಯ ಮುಗಿದ ಮೇಲೆ ತೆಗೆಯಬೇಕು. ಒಬ್ಬರಿಗೆ ಅಷ್ಟು ಜಾಗ ಸಾಕು, ಒಳಗಿನ ಅಳತೆ ಸರಿಯಾಗಿದ್ದರೆ.

ಆದರೆ ನಾನು ನೋಡಿದ ಮಾಡೆಲ್‌ಗಳೆಲ್ಲ ತೋಟದಲ್ಲಿ ವಾರಾಂತ್ಯ ಕಳೆಯುವವರಿಗೆ ಮಾಡಿದಂತಿವೆ. ನೆಲದಿಂದ ಎತ್ತರದಲ್ಲಿ ಮನೆ, ಹತ್ತೋಕೆ ಕಬ್ಬಿಣದ ಮೆಟ್ಟಿಲು, ಮೈ ಓರೆ ಮಾಡಿ ನುಗ್ಗಬೇಕಾದ ಬಾತ್‌ರೂಮ್ ಬಾಗಿಲು. ವೀಲ್‌ಚೇರ್ ಹೋಗಬೇಕು ಅಂದ್ರೆ ಬಾಗಿಲು 900 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಮೂರಡಿ ಬೇಕು. ತಿರುಗಿಸೋಕೆ ಒಳಗೆ ಐದಡಿ ಬೇಕು. ರ‍್ಯಾಂಪ್ ಆಮೇಲೆ ಹಾಕಿಸೋಣ ಅಂತಾರೆ. ಒಂದಡಿ ಏರೋಕೆ ಹನ್ನೆರಡು ಅಡಿ ಉದ್ದ ಬೇಕು. ಒಂದೂವರೆ ಅಡಿ ಎತ್ತರದ ಮನೆಗೆ ಹದಿನೆಂಟು ಅಡಿ ರ‍್ಯಾಂಪ್! ಹಿತ್ತಲಲ್ಲಿ ಅಷ್ಟು ಜಾಗ ಯಾರಿಗಿದೆ? ಅದಕ್ಕೆ ಪಾಯ ಹಾಕುವಾಗಲೇ ನೆಲಮಟ್ಟ ತಗ್ಗಿಸಿ, ಸುತ್ತ ಮಳೆನೀರಿಗೆ ಚರಂಡಿ ಮಾಡಿಸೋದು ವಾಸಿ.

ಇನ್ನೊಂದು ವಿಷಯ ಯಾರೂ ಹೇಳೋದೇ ಇಲ್ಲ. ಈ ಗೋಡೆಗಳಲ್ಲಿ ಎರಡು ತೆಳು ಶೀಟ್ ನಡುವೆ ಸಾಮಾನ್ಯವಾಗಿ ಇರೋದು ಫೋಮ್. ಕಮೋಡ್ ಪಕ್ಕ ಹಿಡಿಕೆ ಬೇಕು ಅಂತ ಆಮೇಲೆ ಸ್ಕ್ರೂ ಹೊಡೆದರೆ, ಮೈಭಾರ ಬಿಟ್ಟ ದಿನ ಅದು ಕಿತ್ತು ಕೈಗೆ ಬರುತ್ತೆ. ಹಿಡಿಕೆ ಎಲ್ಲೆಲ್ಲಿ ಬರಬೇಕು ಅಂತ ಫ್ಯಾಕ್ಟರಿಗೆ ಮೊದಲೇ ಗುರುತು ಹಾಕಿ ಕೊಡಿ. ಅಲ್ಲಿ ಒಳಗೆ ಪ್ಲೈವುಡ್ಡೋ ಕಬ್ಬಿಣದ ಪಟ್ಟಿಯೋ ಇಡಿಸಿ.

ಹೊಸ್ತಿಲಿಲ್ಲದ ಮನೆಗೆ ಅಮ್ಮ ಒಪ್ಪಲಿಲ್ಲ. ಕೊನೆಗೆ ನೆಲದ ಸಮಕ್ಕೇ ಕೂರುವ ಹಾಗೆ ಒಂದು ಹಲಸಿನ ಹಲಗೆ ಹಾಕಿಸೋದು ಅಂತ ಮಾತಾಯ್ತು. ಅರಿಶಿನ ಕುಂಕುಮ ಹಚ್ಚೋಕೂ ಆಯ್ತು, ಕಾಲಿಗೂ ತೊಡರೋದಿಲ್ಲ.

"ಅಮ್ಮನ್ನ ಮನೆಯಿಂದ ಆಚೆ ಹಾಕಿದ್ರು ಅಂತಾರೆ ಜನ" ಅಂತ ನಮ್ಮತ್ತೆ ಎಚ್ಚರಿಸಿದ್ದಾರೆ. ಆ ಮಾತಲ್ಲಿ ಹುರುಳಿದೆ. ಅದಕ್ಕೇ ಬಾಗಿಲು ನಮ್ಮ ಅಡುಗೆಮನೆ ಕಡೆಗೇ ಇರಬೇಕು, ನಡುವೆ ಮಳೆ ಬೀಳದ ಹಾಗೆ ಚಾವಣಿ ಇರಬೇಕು, ಹಾಸಿಗೆ ಪಕ್ಕ ಒಂದು ಬೆಲ್ ಇರಬೇಕು. ಬೆಲ್ ಕೇಳಿದರೆ ಎದ್ದು ಬರುವವರು ಇಲ್ಲದಿದ್ದರೆ ಈ ಮನೆ ಖಂಡಿತ ಬೇಡ.

ಅಡ್ವಾನ್ಸ್ ಕೊಡುವ ಮೊದಲು ಒಂದು ವೀಲ್‌ಚೇರ್ ಬಾಡಿಗೆಗೆ ತಗೊಂಡು ಹೋಗಿ, ಅವರ ಮಾದರಿ ಮನೆಯ ಕಮೋಡ್‌ವರೆಗೂ ತಳ್ಳಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲೇ ನಿಲ್ಲಿಸಿ ನಕ್ಷೆ ಬದಲಾಯಿಸೋಕೆ ಹೇಳಿ.